ಸೋರೆಕಾಯಿಯ ಮೇಲೆ ಕಲಿತ ಧೈರ್ಯ

ನೀಟ್ ಬರೆದು ಆಯುರ್ವೇದ ಕಾಲೇಜು ಸೇರಿದವರಿಗೆ ನೆಂಟರಿಷ್ಟರು ಮೊದಲು ಕೇಳುವುದು, 'ಎಂಬಿಬಿಎಸ್ ಸಿಗಲಿಲ್ವಾ?' ಎಂದು. ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷದ ಇಂಟರ್ನ್‌ಶಿಪ್ ಮುಗಿಯುವವರೆಗೂ ಆ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಅದರಿಂದ ಹುಟ್ಟುವ ಅಳುಕಿಗೆ ಎರಡು ಬಗೆಯ ಮದ್ದು ಚಾಲ್ತಿಯಲ್ಲಿದೆ. ಮೊದಲನೆಯದು ಸಮಾರಂಭಗಳ ಭಾಷಣ: ಇದು ಸಾವಿರಾರು ವರ್ಷಗಳ ವಿದ್ಯೆ, ಋಷಿಗಳು ಕೊಟ್ಟದ್ದು, ಸಂಶಯ ಬೇಡ. ಎರಡನೆಯದನ್ನು ಯಾರೂ ಮೈಕಿನಲ್ಲಿ ಹೇಳುವುದಿಲ್ಲ: ಪದವಿ ಕೈಗೆ ಬಂದಮೇಲೆ ಯಾವುದಾದರೂ ನರ್ಸಿಂಗ್ ಹೋಮಿನ ರಾತ್ರಿ ಪಾಳಿಗೆ ಸೇರಿ ಆಂಟಿಬಯಾಟಿಕ್ ಬರೆಯುವುದನ್ನು ರೂಢಿಸಿಕೊಳ್ಳುವುದು. ಭಾಷಣದಿಂದ ಅಭಿಮಾನ ಬರುತ್ತದೆ, ರಾತ್ರಿ ಪಾಳಿಯಿಂದ ಸಂಬಳ ಬರುತ್ತದೆ. ನಾಡಿ ಹಿಡಿಯಲು ಕೈ ಚಾಚಿದಾಗ ಬೇಕಾಗುವ ಧೈರ್ಯ ಮಾತ್ರ ಎರಡರಿಂದಲೂ ಬರುವುದಿಲ್ಲ. ಕೈ ಪಳಗಿದಷ್ಟು, ಕಣ್ಣು ಕಂಡಷ್ಟು ಅದು ಬೆಳೆಯುತ್ತದೆ. ತನ್ನ ವಿದ್ಯೆ ಎಲ್ಲಿಗೆ ನಿಲ್ಲುತ್ತದೆ ಎಂದು ಗೊತ್ತಾದಾಗ ಗಟ್ಟಿಯಾಗುತ್ತದೆ. ಹೊರಗಿನವರ ಟೀಕೆ ಇದು ಎಂದು ಯಾರಾದರೂ ಅಂದುಕೊಂಡರೆ ಅವರು ಸಂಹಿತೆಗಳನ್ನೇ ತೆರೆದು ನೋಡಬೇಕು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ಒಂಬತ್ತನೆಯ ಅಧ್ಯಾಯದಲ್ಲಿ, ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಉಪಚಾರಕ, ರೋಗಿ. ವೈದ್ಯನಿಗೆ ನಾಲ್ಕು ಗುಣಗಳು ಬೇಕು. ಶಾಸ್ತ್ರದಲ್ಲಿ ನಿಚ್ಚಳವಾದ ತಿಳಿವು. ಅದರ ಬೆನ್ನಿಗೇ, ಚಿಕಿತ್ಸೆಯನ್ನು ಮತ್ತೆ ಮತ್ತೆ ಕಣ್ಣಾರೆ ಕಂಡಿರುವುದು. ಆಮೇಲೆ ದಕ್ಷತೆ, ಶುಚಿತ್ವ. ಪರಂಪರೆಯ ಬಗೆಗಿನ ಹೆಮ್ಮೆ ಆ ನಾಲ್ಕರಲ್ಲಿ ಸೇರಿಲ್ಲ. ಸುಶ್ರುತ ಇನ್ನೂ ಖಡಕ್ಕು. ಓದು ಮಾತ್ರ ಇದ್ದು ಕೆಲಸ ಗೊತ್ತಿಲ್ಲದವನು ರೋಗಿಯ ಮುಂದೆ ದಿಕ್ಕೆಡುತ್ತಾನೆ. ಓದಿಲ್ಲದೆ ಬರೀ ಎದೆಗಾರಿಕೆಯಿಂದ ಕೆಲಸಕ್ಕಿಳಿದವನು ರಾಜನ ಶಿಕ್ಷೆಗೆ ಅರ್ಹ ಎಂಬುದು ಅವನ ನಿಲುವು. ಆ ದಿಕ್ಕೆಡುವಿಕೆಗೆ ಅವನು ಕೊಡುವ ಪರಿಹಾರ ಯೋಗ್ಯಾಸೂತ್ರೀಯ ಎಂಬ ಅಧ್ಯಾಯದಲ್ಲಿದೆ. ಕೊಯ್ಯುವುದನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಯ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ತುಂಬಿದ ತೊಗಲಿನ ಚೀಲದ ಮೇಲೆ, ಹೆರೆಯುವುದನ್ನು ರೋಮ ತೆಗೆಯದ ಚರ್ಮದ ಮೇಲೆ, ಚುಚ್ಚುವುದನ್ನು ಸತ್ತ ಪ್ರಾಣಿಯ ಸಿರೆ ಮತ್ತು ತಾವರೆ ದಂಟಿನ ಮೇಲೆ. ಹೊಲಿಗೆಗೆ ಬಟ್ಟೆಯ ಅಂಚು ಮತ್ತು ಮೆದು ತೊಗಲು, ಪಟ್ಟಿ ಕಟ್ಟಲು ಮನುಷ್ಯಾಕಾರದ ಬೊಂಬೆ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದವನಿಗೂ ಈ ಅಭ್ಯಾಸ ತಪ್ಪದು. ಈಗಿನ ವೈದ್ಯಕೀಯ ಕಾಲೇಜುಗಳು ಸ್ಕಿಲ್ ಲ್ಯಾಬ್ ಎಂದು ಕಟ್ಟಿಸುತ್ತಿರುವುದು ಇದನ್ನೇ. ಒಂದು ಸೋರೆಕಾಯಿಯನ್ನೂ ಮುಟ್ಟದೆ ಈ ಅಧ್ಯಾಯವನ್ನು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಬಹುದು ಎಂಬುದು ನನಗೆ ನಿಜವಾದ ಸಂಕಟದ ವಿಷಯ.

ಗಿಡಮೂಲಿಕೆಯ ಮಾತು ಬಂದರೆ ಈ ಕೊರತೆಗೆ ತೆರುವ ಬೆಲೆ ಇನ್ನೂ ಹೆಚ್ಚು. ಗ್ರಂಥದಲ್ಲಿ ರಾಸ್ನಾ ಎಂದು ಒಂದೇ ಹೆಸರಿದೆ. ದಕ್ಷಿಣದವರು ಅದಕ್ಕೆ ಶುಂಠಿ ಕುಟುಂಬದ ಒಂದು ಗಡ್ಡೆಯನ್ನು ಬಳಸಿದರೆ ಉತ್ತರದವರು ಸೇವಂತಿಗೆಯ ಕುಟುಂಬಕ್ಕೆ ಸೇರಿದ ಬೇರೆಯೇ ಗಿಡವನ್ನು ಬಳಸುತ್ತಾರೆ. ಬ್ರಾಹ್ಮಿ ಎಂದಾಗ ನಮ್ಮ ಮನೆಗಳಲ್ಲಿ ಒಂದೆಲಗ ನೆನಪಾಗುತ್ತದೆ, ಆದರೆ ಗ್ರಂಥದ ಬ್ರಾಹ್ಮಿಯನ್ನು ಬಹುಮಂದಿ ವಿದ್ವಾಂಸರು ನೀರುಬ್ರಾಹ್ಮಿ ಎಂದು ಗುರುತಿಸುತ್ತಾರೆ. ಗ್ರಂಧಿಗೆ ಅಂಗಡಿಯಲ್ಲಿ ಅಶೋಕದ ತೊಗಟೆ ಕೇಳಿದರೆ, ರಸ್ತೆ ಬದಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಮದ್ರಾಸ್ ಅಶೋಕದ ತೊಗಟೆ ಪೊಟ್ಟಣಕ್ಕೆ ಬೀಳುವುದುಂಟು. ಇದು ಬರೀ ಪಂಡಿತರ ಚರ್ಚೆಯಲ್ಲ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಒಂದು ಚಿಕಿತ್ಸಾಲಯದಲ್ಲಿ ಮೈ ಇಳಿಸಲು ಚೀನೀ ಮೂಲಿಕೆಗಳನ್ನು ಕೊಡುತ್ತಿದ್ದಾಗ, ಹೆಸರು ಹೆಚ್ಚುಕಡಿಮೆ ಒಂದೇ ಆಗಿದ್ದ ಎರಡು ಬೇರುಗಳು ಅದಲುಬದಲಾದವು. ಹಲವು ಹೆಂಗಸರ ಮೂತ್ರಪಿಂಡಗಳು ಕೆಟ್ಟುಹೋದವು, ಮುಂದೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ಆ ವಿಷದ ಬೇರು ಅರಿಸ್ಟೊಲೋಕಿಯ ಜಾತಿಯದು. ನಮ್ಮ ಹಳ್ಳಿಗಳಲ್ಲಿ ಹಾವಿನ ವಿಷಕ್ಕೆ ಮದ್ದೆಂದು ನಂಬಿರುವ ಈಶ್ವರಿ ಬಳ್ಳಿಯೂ ಅದೇ ಜಾತಿಗೆ ಸೇರಿದ್ದು. ಎಲೆ ಹಿಸುಕಿ ಮೂಸಿ, ತೊಗಟೆ ಮುರಿದು ನೋಡಿ, ಬೇರಿನ ರುಚಿ ಕಂಡು ಗಿಡ ಗುರುತಿಸಬಲ್ಲ ವಿದ್ಯಾರ್ಥಿ ಔಷಧ ಬರೆಯುವಾಗ ಅಳುಕುವುದಿಲ್ಲ. ಅದು ಬಾರದವನು ಅಳುಕುವುದೇ ಸರಿ, ಅವನ ಅಳುಕನ್ನು ಭಾಷಣದಿಂದ ಕಳೆಯುವುದು ಅಪಾಯ.

ಕಣ್ಣಾರೆ ಕಂಡ ಫಲದ ವಿಷಯಕ್ಕೆ ಬಂದರೆ ನನಗೆ ತುಂಬ ಇಷ್ಟವಾದ ಉದಾಹರಣೆ ಕ್ಷಾರಸೂತ್ರ. ದಾರಕ್ಕೆ ಕಳ್ಳಿ ಹಾಲು, ಉತ್ತರಣಿಯ ಕ್ಷಾರ, ಅರಿಸಿನ ಲೇಪಿಸಿ ಒಣಗಿಸುತ್ತಾರೆ. ವಾಡಿಕೆಯ ಕ್ರಮದಲ್ಲಿ ಒಟ್ಟು 21 ಲೇಪ. ಭಗಂದರದ (ಫಿಸ್ಟುಲಾ) ನಾಳದೊಳಗೆ ಆ ದಾರವನ್ನು ತೂರಿಸಿ ಕಟ್ಟಿ, ವಾರಕ್ಕೊಮ್ಮೆ ಹೊಸದನ್ನು ಹಾಕುತ್ತ ಹೋದರೆ ಅದು ನಾಳವನ್ನು ಕೊಂಚಕೊಂಚವಾಗಿ ಕತ್ತರಿಸುತ್ತ, ಹಿಂದೆಯೇ ಮಾಯಿಸುತ್ತ ಬರುತ್ತದೆ. ಗ್ರಂಥದಲ್ಲಿ ಉಳಿದುಹೋಗಿದ್ದ ಈ ವಿಧಾನಕ್ಕೆ 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ.ಜೆ. ದೇಶಪಾಂಡೆ ಮತ್ತು ಅವರ ಬಳಗ ಮರುಜೀವ ಕೊಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು ಹಲವು ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸೆಯ ಎದುರಿಗಿಟ್ಟು ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ದಾರ ಕಟ್ಟಿದವರಲ್ಲಿ ಶೇ. 4ರಷ್ಟು, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 11ರಷ್ಟು ಮಂದಿಗೆ ರೋಗ ಮರುಕಳಿಸಿತ್ತು. ಆದರೆ ಮಾಯಲು ದಾರಕ್ಕೆ ಸುಮಾರು ಎಂಟು ವಾರ ಹಿಡಿದರೆ ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಸಾಕಾಗಿತ್ತು. ಈ ಎರಡನೆಯ ಅಂಕಿಯನ್ನು ಮುಚ್ಚಿಡದೆ, 'ನಿಧಾನವಾಗುತ್ತದೆ, ಆದರೆ ಮತ್ತೆ ಬರುವ ಸಂಭವ ಕಡಿಮೆ' ಎಂದು ರೋಗಿಗೆ ಹೇಳಬಲ್ಲ ವಿದ್ಯಾರ್ಥಿಯ ದನಿಯಲ್ಲಿ ಒಂದು ತೂಕ ಇರುತ್ತದೆ. ಆ ತೂಕ ಬರುವುದು ಎರಡೂ ಅಂಕಿಗಳನ್ನು ತಿಳಿದಿರುವುದರಿಂದ.

ಹೀಗೆ ಪರೀಕ್ಷಿಸಿ ಅಳೆಯುವುದಕ್ಕೆ ಬಲವಾದ ಆಕ್ಷೇಪವೊಂದಿದೆ. ಆಯುರ್ವೇದ ಒಬ್ಬೊಬ್ಬರ ಪ್ರಕೃತಿ ನೋಡಿ ಬೇರೆ ಬೇರೆ ಔಷಧ ಕೊಡುವ ಪದ್ಧತಿ. ಎಲ್ಲರಿಗೂ ಒಂದೇ ಗುಳಿಗೆ ಕೊಟ್ಟು ಅಳೆಯುವ ಪರೀಕ್ಷೆ ಅದಕ್ಕೆ ಒಗ್ಗದು, ಆ ಅಳತೆಗೋಲನ್ನು ಒಪ್ಪುವುದೇ ಸೋಲು ಎನ್ನುತ್ತಾರೆ. ಮೊದಲರ್ಧ ನಿಜ. ಆದರೆ ವೈದ್ಯರು ರೋಗಿಗೆ ತಕ್ಕಂತೆ ಔಷಧ ಆರಿಸಲು ಬಿಟ್ಟೂ ಪರೀಕ್ಷೆ ನಡೆಸಬಹುದು. ಕೊಯಮತ್ತೂರಿನಲ್ಲಿ 43 ಸಂಧಿವಾತ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಹಾಗೆಯೇ ಮಾಡಿ, ಆಯುರ್ವೇದ ಮತ್ತು ಅಲೋಪತಿಯ ಮೆಥೊಟ್ರೆಕ್ಸೇಟ್ ಹೆಚ್ಚುಕಡಿಮೆ ಸಮನಾದ ಫಲ ಕೊಟ್ಟದ್ದನ್ನು ತೋರಿಸಿತು. ಅಷ್ಟು ಕಡಿಮೆ ಜನರಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ದಾರಿ ಇದೆ ಎಂಬುದಂತೂ ಖಚಿತ. ಇನ್ನು ಅಳತೆಗೋಲು ಪರಕೀಯ ಎಂಬ ಮಾತು. ಚರಕದಲ್ಲೇ ಮೈತ್ರೇಯನೆಂಬುವನು ಗುರು ಆತ್ರೇಯನನ್ನು ಕೇಳುತ್ತಾನೆ: ನಾಲ್ಕೂ ಪಾದ ಸರಿಯಿದ್ದು ಸಾಯುವವರಿದ್ದಾರೆ, ಏನೂ ಇಲ್ಲದೆ ಗುಣವಾಗುವವರಿದ್ದಾರೆ, ಹಾಗಿದ್ದಮೇಲೆ ಚಿಕಿತ್ಸೆಯಿಂದ ಏನಾದಂತಾಯಿತು? ಔಷಧ ಪಡೆದವರನ್ನು ಪಡೆಯದವರ ಜೊತೆ ಹೋಲಿಸಿ ನೋಡುವ ಪ್ರಶ್ನೆ ಇದು. ಆತ್ರೇಯ ಸಿಟ್ಟಾಗುವುದಿಲ್ಲ, ಶ್ರದ್ಧೆಯಿಲ್ಲದವನೆಂದು ಬೈಯುವುದಿಲ್ಲ, ವಾದ ಮಾಡಿ ಉತ್ತರ ಕೊಡುತ್ತಾನೆ.

ಆ ಉತ್ತರದ ಮುಂದುವರಿಕೆಯಲ್ಲೇ ರೋಗಗಳ ವಿಂಗಡಣೆ ಬರುತ್ತದೆ: ಸುಲಭವಾಗಿ ವಾಸಿಯಾಗುವುದು, ಕಷ್ಟದಿಂದ ವಾಸಿಯಾಗುವುದು, ವಾಸಿಯಾಗದಿದ್ದರೂ ಹತೋಟಿಯಲ್ಲಿಡಬಹುದಾದದ್ದು, ಕೈಬಿಡಬೇಕಾದದ್ದು. ಕೊನೆಯದಕ್ಕೆ ಕೈಹಾಕಿದ ವೈದ್ಯ ಹಣ, ವಿದ್ಯೆ, ಹೆಸರು ಮೂರನ್ನೂ ಕಳೆದುಕೊಳ್ಳುತ್ತಾನೆ ಎಂಬ ಎಚ್ಚರಿಕೆಯೂ ಅಲ್ಲಿದೆ. ವೈದ್ಯನೇ ಅನುಮಾನಿಸಿದರೆ ರೋಗಿ ನಂಬುವುದು ಹೇಗೆ, ಎಳೆಯರ ಮನಸ್ಸಿನಲ್ಲಿ ಸಂಶಯ ಬಿತ್ತಬಾರದು ಎನ್ನುವ ಹಿರಿಯ ಅಧ್ಯಾಪಕರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಎದೆನೋವೆಂದು ಬಂದವರನ್ನು ಕೂಡಲೇ ಹೃದ್ರೋಗದ ಆಸ್ಪತ್ರೆಗೆ ಕಳಿಸುವ ವಿದ್ಯಾರ್ಥಿ ತನ್ನ ಶಾಸ್ತ್ರವನ್ನು ಬಿಟ್ಟುಕೊಟ್ಟಂತಲ್ಲ, ಆ ವಿಂಗಡಣೆಯನ್ನು ಪಾಲಿಸಿದಂತೆ. ಎಲ್ಲದಕ್ಕೂ ನಮ್ಮಲ್ಲಿ ಮದ್ದಿದೆ ಎಂದು ಕಲಿತು ಬಂದವನು ಮೊದಲ ಸಾವಿಗೇ ಕುಸಿಯುತ್ತಾನೆ, ಆಮೇಲೆ ಆಂಟಿಬಯಾಟಿಕ್ಕಿನ ಚೀಟಿಗೆ ಶರಣಾಗುತ್ತಾನೆ.

ಹಾಗಾದರೆ ಕಾಲೇಜುಗಳು ಮಾಡಬೇಕಾದದ್ದೇನು? ಚರಕದ ವಿಮಾನಸ್ಥಾನದಲ್ಲಿ ತದ್ವಿದ್ಯಸಂಭಾಷೆಯ ವಿಧಿ ಇದೆ: ಒಂದೇ ವಿದ್ಯೆಯವರು ಕೂತು ಚರ್ಚಿಸಿದರೆ ತಿಳಿವು ಹೆಚ್ಚುತ್ತದೆ, ಮಾತಿಗೆ ಶಕ್ತಿ ಬರುತ್ತದೆ, ಹಳೆಯ ಸಂಶಯ ಕಳೆಯುತ್ತದೆ. ಇಂಟರ್ನ್‌ಶಿಪ್ಪಿನ ವರ್ಷದಲ್ಲಿ ಪ್ರತಿ ವಾರ ಇಂಥದ್ದೊಂದು ಸಭೆ ನಡೆಯಲಿ, ಅಲ್ಲಿ ಗುಣವಾಗದ ರೋಗಿಗಳ ಕೇಸ್ ಶೀಟುಗಳನ್ನೇ ಮೊದಲು ಓದಲಿ. ಪಕ್ಕದ ಆಸ್ಪತ್ರೆಯ ಸರ್ಜನ್ ಒಬ್ಬರನ್ನೂ ಕರೆಯಲಿ. ಮಣಿಪಾಲದಲ್ಲಿ ಕುಲಪತಿಯಾಗಿದ್ದ ಹೃದಯ ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯತ್ತಾನ್ ಚರಕ, ಸುಶ್ರುತ, ವಾಗ್ಭಟರನ್ನು ವರ್ಷಗಟ್ಟಲೆ ಓದಿ ಮೂವರ ಮೇಲೂ ದೊಡ್ಡ ಗ್ರಂಥಗಳನ್ನು ಬರೆದರು. ಅಂಥ ಆಸಕ್ತಿಯ ಅಲೋಪತಿ ವೈದ್ಯರು ನಮ್ಮ ಜಿಲ್ಲಾ ಊರುಗಳಲ್ಲೂ ಸಿಗಬಹುದು, ಕರೆಯುವವರು ಬೇಕು.