ನಾನೂರೈದರ ಕೀರ್ತಿ

ಬೇಟೆಗಾರ, ಬರಹಗಾರ ಕೆನೆತ್ ಆಂಡರ್ಸನ್ ಬಗ್ಗೆ ಬೆಂಗಳೂರಿನಲ್ಲಿ ಮಾತು ಶುರುವಾದರೆ ಅದು ಬೇಗನೆ ಅವನ ಕೋವಿಯ ಕಡೆಗೆ ಹೊರಳುತ್ತದೆ. ವಿಂಚೆಸ್ಟರ್ ಕಂಪನಿಯ 1895ರ ಮಾದರಿ, .405 ಬೋರು. ಕತೆಗಳ ಹೆಸರು ಮರೆತವರಿಗೂ ಆ ಸಂಖ್ಯೆ ನೆನಪಿರುತ್ತದೆ. ಅಂಥ ಕೋವಿ ಕೈಯಲ್ಲಿದ್ದದ್ದರಿಂದಲೇ ಅವನು ನರಭಕ್ಷಕಗಳ ಎದುರು ಒಬ್ಬನೇ ಕೂರಲು ಸಾಧ್ಯವಾಯಿತು ಎಂಬ ನಂಬಿಕೆ ಓದುಗರಲ್ಲಿ ಗಟ್ಟಿಯಾಗಿ ಕೂತಿದೆ. ಆಂಡರ್ಸನ್ ಪುಸ್ತಕಗಳೇ ಈ ನಂಬಿಕೆಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತವೆ, ನಾವು ಆ ಸಾಕ್ಷಿಯನ್ನು ಕೇಳಿಸಿಕೊಂಡಿಲ್ಲ ಎಂಬುದು ನನ್ನ ವಾದ.

ಇಟ್ಟಮಡುವಿನಲ್ಲಿರುವವರಿಗೆ ಇದು ದೂರದ ಸಂಗತಿಯಲ್ಲ. ಇಲ್ಲಿಂದ ತುರಹಳ್ಳಿ ಕಾಡು ಕೆಲವೇ ಕಿಲೋಮೀಟರ್, ಅದರಾಚೆ ಬನ್ನೇರುಘಟ್ಟ. ಆನೇಕಲ್ ದಾಟಿ ಗಡಿಯಾಚೆ ಹೋದರೆ ತಳಿ, ಜವಳಗಿರಿ, ಗುಮ್ಮಳಾಪುರ. ಆಂಡರ್ಸನ್ 1954ರಲ್ಲಿ ತಂದ ಮೊದಲ ಪುಸ್ತಕದ ಊರುಗಳು. ಈ ಬಡಾವಣೆಗಳಲ್ಲಿ ಮಲೆನಾಡಿನಿಂದ, ಕೊಡಗಿನಿಂದ, ಪುತ್ತೂರು ಸುಳ್ಯದ ಕಡೆಯಿಂದ ಬಂದು ನೆಲೆಸಿದವರಿದ್ದಾರೆ. ಊರಿನ ಮನೆಯಲ್ಲಿ ಅಪ್ಪನ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಬೆಳೆ ರಕ್ಷಣೆಯ ಪರವಾನಗಿ ಇರುವ ಒಂದು ಕೋವಿಯೂ ಇರುತ್ತದೆ. ಯಾವ ಬೋರು ಒಳ್ಳೆಯದು ಎಂಬ ಪ್ರಶ್ನೆ ಅಂಥವರ ಮನೆಯಲ್ಲಿ ಪುಸ್ತಕದ ಹೊರಗೂ ಏಳುತ್ತದೆ. ಉತ್ತರವನ್ನು ಮಾತ್ರ ಪುಸ್ತಕದ ನೆನಪಿನಿಂದ ಕೊಡುತ್ತಾರೆ: ದೊಡ್ಡದಿದ್ದಷ್ಟೂ ಒಳ್ಳೆಯದು.

ತೇಜಸ್ವಿಯವರು ಆಂಡರ್ಸನ್ ಕತೆಗಳನ್ನು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ನಾಲ್ಕು ಭಾಗಗಳನ್ನು ಓದಿದವರಿಗೆ ಆಂಡರ್ಸನ್ ಯಾರೆಂದು ಹೇಳಬೇಕಿಲ್ಲ. ಅವುಗಳ ಸೊಗಸಿನ ಬಗ್ಗೆಯೂ ತಕರಾರಿಲ್ಲ. ನೇರವಾಗಿ ಒಂದು ಕತೆಗೆ ಹೋಗೋಣ.

ಗುಮ್ಮಳಾಪುರದ ಚಿರತೆ 42 ಜನರನ್ನು ಕೊಂದಿತ್ತೆಂದು ಆಂಡರ್ಸನ್ ಬರೆಯುತ್ತಾನೆ. ಅದನ್ನು ಹೊಡೆಯಲು ಅವನು ರಾತ್ರಿ ಊರೊಳಗೇ, ಗೋಡೆಯೊಂದಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ. ಮೇಲಿನ ಮಾಡಿಗೆ ಮುಳ್ಳು ಹೊದಿಸಿರುತ್ತಾನೆ. ಚಿರತೆ ಬರುವುದು ಅದೇ ಮಾಡಿನ ಮೇಲಿನಿಂದ. ಮುಳ್ಳು ಅದನ್ನು ಒಂದು ಕ್ಷಣ ತಡೆಯದಿದ್ದರೆ ಬೇಟೆಗಾರನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕೊನೆಗೆ ಚಿರತೆ ಸತ್ತ ರಾತ್ರಿಯಲ್ಲೂ ಅದು ಬಂದಿದೆ ಎಂದು ಮೊದಲು ತಿಳಿದದ್ದು ಆಂಡರ್ಸನ್‌ಗಲ್ಲ, ಅವನ ಜೊತೆ ಸೇರಿಕೊಂಡಿದ್ದ ಒಂದು ಬೀದಿನಾಯಿಗೆ. ಅದರ ಗುರುಗುಟ್ಟುವಿಕೆ ಇಲ್ಲದಿದ್ದರೆ ಆ ರಾತ್ರಿ ಈಡು ಹಾರುವ ಪ್ರಶ್ನೆಯೇ ಬರುತ್ತಿರಲಿಲ್ಲ. ಆಂಡರ್ಸನ್ ಆ ನಾಯಿಗೆ ನಿಪ್ಪರ್ ಎಂದು ಹೆಸರಿಟ್ಟು ಮನೆಗೆ ಕರೆತಂದ.

ಈ ಕತೆಯಲ್ಲಿ ಬೋರಿನ ಪಾತ್ರವೇನು? .405ರ ಗುಂಡು 300 ಗ್ರೇನ್ ತೂಗುತ್ತದೆ, ಅಂದರೆ ಸುಮಾರು 19 ಗ್ರಾಂ. ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2200 ಅಡಿ ವೇಗ. 1909ರಲ್ಲಿ ಥಿಯೊಡೊರ್ ರೂಸ್‌ವೆಲ್ಟ್ ಆಫ್ರಿಕಕ್ಕೆ ಒಯ್ದು ಸಿಂಹಗಳನ್ನು ಹೊಡೆದದ್ದು ಇದರಲ್ಲೇ. ಗುಮ್ಮಳಾಪುರದಲ್ಲಿ ಎದುರಿಗಿದ್ದದ್ದು ಒಂದು ಚಿರತೆ. ದೊಡ್ಡ ಗಂಡಾದರೂ ಎಪ್ಪತ್ತು ಕೆಜಿಯ ಆಚೀಚೆ. ದೂರ ಒಂದು ಕೋಣೆಯ ಉದ್ದಕ್ಕಿಂತ ಹೆಚ್ಚೇನಿಲ್ಲ. ಅಷ್ಟು ಹತ್ತಿರದಲ್ಲಿ, ಅಷ್ಟು ಹಗುರ ದೇಹದ ಪ್ರಾಣಿಯ ಮೇಲೆ, ಸರಿಯಾದ ಜಾಗಕ್ಕೆ ಬಿದ್ದ ಯಾವ ಬೇಟೆ ರೈಫಲಿನ ಗುಂಡೂ ಸಾಕು. ಜಿಮ್ ಕಾರ್ಬೆಟ್ 1926ರ ಮೇ ತಿಂಗಳಲ್ಲಿ ರುದ್ರಪ್ರಯಾಗದ ನರಭಕ್ಷಕನನ್ನು ಕೊಂದದ್ದು .275 ರಿಗ್ಬಿಯಿಂದ, ಅದರ ಗುಂಡಿನ ತೂಕ .405ರದ್ದಕ್ಕೆ ಅರ್ಧವೂ ಇಲ್ಲ. ಅಲ್ಲಿ ಸತ್ತದ್ದೂ ಚಿರತೆಯೇ, ಅದೂ ನೂರಕ್ಕೂ ಹೆಚ್ಚು ಜನರನ್ನು ತಿಂದದ್ದು.

ಗುಮ್ಮಳಾಪುರದಲ್ಲಿ ಆಂಡರ್ಸನ್‌ನನ್ನು ಉಳಿಸಿದ್ದು ಮುಳ್ಳು, ನಾಯಿ, ಕೋವಿಗೆ ಕಟ್ಟಿದ ಟಾರ್ಚು, ಮತ್ತು ಲಿವರ್ ಜಗ್ಗಿ ಎರಡನೇ ತೋಟೆಯನ್ನು ಬೇಗ ತುಂಬಬಹುದೆಂಬ ಭರವಸೆ. ಇವುಗಳಲ್ಲಿ ಕೊನೆಯದೊಂದೇ ಆ ಕೋವಿಯ ಗುಣ. ಅದೂ ಆ ಮಾದರಿಯ ಗುಣ, ಬೋರಿನದಲ್ಲ. ಅದೇ ಮಾದರಿ ಬೇರೆ ಬೋರುಗಳಲ್ಲೂ ಬರುತ್ತಿತ್ತು. ಬೋರು ತಂದುಕೊಟ್ಟದ್ದರಲ್ಲಿ ಒಂದು ಕಷ್ಟವೂ ಇತ್ತು. ಹಗುರವಾದ ಕೋವಿ, ಬಾಗಿದ ಲೋಹದ ಹಿಂಬದಿ ಪಟ್ಟಿ, ಭಾರದ ಗುಂಡು ಸೇರಿದರೆ ಭುಜಕ್ಕೆ ಬೀಳುವ ಒದೆತ ಜೋರು. ಒದೆಯುವ ಕೋವಿಗೆ ಹೆದರಿದ ಕೈ ಗುಂಡು ಹಾರುವ ಮೊದಲೇ ಬಿಗಿಯುತ್ತದೆ, ಗುರಿ ತಪ್ಪುತ್ತದೆ. ಆಂಡರ್ಸನ್ ಪಳಗಿದ ಕೈಯವನು, ಅದನ್ನು ತಡೆದುಕೊಂಡ. ಅವನನ್ನು ಓದಿ ದೊಡ್ಡ ಬೋರು ಬಯಸುವವರ ಕೈ ಅಷ್ಟು ಪಳಗಿರುವುದಿಲ್ಲ.

ಬೋರಿನ ಪಕ್ಷಪಾತಿಗಳು ಇಲ್ಲಿ ಲೆಕ್ಕ ಮುಂದಿಡುತ್ತಾರೆ. ಅವರಿಗೆ ಅತಿ ಪ್ರಿಯವಾದ ಲೆಕ್ಕ ಜಾನ್ ಟೇಲರ್‌ನದು. ಆಫ್ರಿಕದಲ್ಲಿ ಆನೆ ಬೇಟೆಯಾಡುತ್ತಿದ್ದ ಟೇಲರ್ 1948ರ ಪುಸ್ತಕದಲ್ಲಿ ಗುಂಡಿನ ಹೊಡೆತಕ್ಕೆ ಒಂದು ಸೂತ್ರ ಕೊಟ್ಟ: ಗ್ರೇನ್‌ಗಳಲ್ಲಿ ತೂಕ, ಅಡಿಗಳಲ್ಲಿ ವೇಗ, ಇಂಚಿನಲ್ಲಿ ವ್ಯಾಸ, ಮೂರನ್ನೂ ಗುಣಿಸಿ 7000ದಿಂದ ಭಾಗಿಸಬೇಕು. .405ಕ್ಕೆ ಸುಮಾರು 39 ಬರುತ್ತದೆ. .275ಕ್ಕೆ 140 ಗ್ರೇನ್ ಗುಂಡು ಹಿಡಿದರೆ ಸುಮಾರು 15. ನೋಡಿ, ಎರಡೂವರೆ ಪಟ್ಟು ಎನ್ನುತ್ತಾರೆ.

ಈ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಬಾರದು. ನಮ್ಮ ಊರುಗಳ ಹನ್ನೆರಡು ಬೋರಿನ ತೋಟಾಕೋವಿಯನ್ನು ಅದೇ ಸೂತ್ರಕ್ಕೆ ಹಾಕಿ. ನಳಿಗೆಯ ವ್ಯಾಸ .729 ಇಂಚು. ಒಂದು ಔನ್ಸಿನ, ಅಂದರೆ 437 ಗ್ರೇನಿನ ಒಂಟಿ ಸೀಸದ ಗುಂಡು 1400 ಅಡಿ ವೇಗದಲ್ಲಿ ಹೊರಟರೆ ಉತ್ತರ ಸುಮಾರು 64. ಈ ಸೂತ್ರ ನಂಬಿದರೆ ಮಂಗ ಓಡಿಸಲು ಇಟ್ಟುಕೊಂಡ ತೋಟಾಕೋವಿ .405ಕ್ಕಿಂತ ಬಹಳ ಮೇಲು ಎಂದು ಒಪ್ಪಬೇಕಾಗುತ್ತದೆ. ಒಪ್ಪುವವರು ಯಾರೂ ಇಲ್ಲ, ಆ ನಿರಾಕರಣೆ ಸರಿಯಾದದ್ದೇ. ಟೇಲರ್ ತನ್ನ ಅಂಕಿಯನ್ನು ಮಾಡಿದ್ದು ಆನೆಯ ತಲೆಗೆ ಬಿದ್ದ ಗಟ್ಟಿ ಗುಂಡು ಮಿದುಳಿಗೆ ತಾಗದಿದ್ದರೂ ಅದನ್ನು ಎಷ್ಟು ಹೊತ್ತು ದಿಗ್ಭ್ರಮೆಗೊಳಿಸುತ್ತದೆ ಎಂದು ಹೋಲಿಸಲು. ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ, ಮೂತಿ ಅರಳುತ್ತದೋ ಒಡೆದು ಚೂರಾಗುತ್ತದೋ, ಎಲುಬಿಗೆ ತಾಗಿ ದಿಕ್ಕು ಬದಲಿಸುತ್ತದೋ, ಇವು ಯಾವುವೂ ಆ ಅಂಕಿಯಲ್ಲಿಲ್ಲ. ಗಾಯದ ಸ್ವರೂಪವನ್ನು ನಿರ್ಧರಿಸುವುದು ಇವೇ. ಅದೇ ಆಫ್ರಿಕದಲ್ಲಿ ಡಬ್ಲ್ಯೂ.ಡಿ.ಎಂ. ಬೆಲ್ ನೂರಾರು ಆನೆಗಳನ್ನು ಕೆಡವಿದ್ದು .275ಕ್ಕೆ ಸಮನಾದ 7 ಮಿಲಿಮೀಟರ್ ರೈಫಲಿನಿಂದ. ಆನೆಯ ತಲೆಬುರುಡೆಯ ಒಳರಚನೆಯನ್ನು ಅಷ್ಟು ಚೆನ್ನಾಗಿ ಕಲಿತಿದ್ದರಿಂದ ಅದು ಸಾಧ್ಯವಾಯಿತು.

ಈ ಲೆಕ್ಕಿಗರಿಗಿಂತ ನನಗೆ ಹೆಚ್ಚು ಅಸಮಾಧಾನ ಇರುವುದು ವಿಮರ್ಶಕರ ಮೇಲೆ. ಬೇಟೆ ಸಾಹಿತ್ಯವನ್ನು ಕನ್ನಡದಲ್ಲಿ ಓದುವ ಒಂದು ಬಗೆ ಪರಿಸರದ ಕಡೆಯಿಂದ ಬರುತ್ತದೆ. ಆಂಡರ್ಸನ್ ಕಾಡನ್ನು ಪ್ರೀತಿಸಿದ, ಕೋವಿ ಆ ಕಾಲದ ಕರ್ಮ ಎಂದು ಅದು ಕೋವಿಯ ವಿವರಗಳನ್ನು ದಾಟಿ ಮುಂದೆ ಹೋಗುತ್ತದೆ. ಇನ್ನೊಂದು ಬಗೆ ಅವನು ಹೇಳಿದ್ದರಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು ಎಂದು ಸೋಸುವುದರಲ್ಲೇ ದಣಿಯುತ್ತದೆ. ಎರಡಕ್ಕೂ ಕೋವಿ ಮುಜುಗರದ ವಸ್ತು. ಹಾಗೆ ಕೈಬಿಟ್ಟ ಜಾಗವನ್ನು ಬೋರಿನ ಭಕ್ತರು ಹಿಡಿದಿದ್ದಾರೆ. ಮಲೆನಾಡಿನ ಬರಹದಲ್ಲಿ ಕೇಪಿನ ಕೋವಿ ಬೇರೆ, ತೋಟಾಕೋವಿ ಬೇರೆ, ಒಂಟಿನಳಿಗೆ ಬೇರೆ, ಜೋಡುನಳಿಗೆ ಬೇರೆ. ಯಾರ ಕೈಯಲ್ಲಿ ಯಾವುದಿದೆ ಎಂಬುದರಲ್ಲಿ ಮನೆತನ, ಹಣ, ಧೈರ್ಯ ಎಲ್ಲ ಕಾಣುತ್ತದೆ. ವಿಮರ್ಶೆ ಇವೆಲ್ಲವನ್ನೂ ಸೇರಿಸಿ ಹಿಂಸೆಯ ಪ್ರತೀಕ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಕೆದಂಬಾಡಿ ಜತ್ತಪ್ಪ ರೈಯವರ ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’ ಪುಸ್ತಕಗಳನ್ನು ಆಂಡರ್ಸನ್ ಪಕ್ಕದಲ್ಲಿಟ್ಟು, ಕೋವಿಗೆ ಕೋವಿ, ಮರಸಿಗೆ ಮರಸು ಹೋಲಿಸಿ ಓದುವ ಕೆಲಸ ನಮ್ಮಲ್ಲಿ ಬೆಳೆಯಲೇ ಇಲ್ಲ. ಈ ನೆಲದಲ್ಲೇ ಹುಟ್ಟಿ, ಈ ನೆಲದ ಭಾಷೆಯಲ್ಲೇ ಬರೆದ ಬೇಟೆಗಾರನಿಗೆ ಇದು ಅನ್ಯಾಯ. ಕೋವಿಯನ್ನು ಓದದವನು ಬೇಟೆಯ ಬರಹವನ್ನು ಅರ್ಧ ಮಾತ್ರ ಓದಿರುತ್ತಾನೆ.

ಆಂಡರ್ಸನ್‌ನನ್ನು ಪೂರ್ತಿ ಓದಿದರೆ ಕಾಣುವುದು ಬೇರೆಯೇ. ಅವನ ಕತೆಗಳಲ್ಲಿ ಮತ್ತೆಮತ್ತೆ ಬರುವುದು ಗಾಯಗೊಂಡ ಪ್ರಾಣಿ. ಯಾರೋ ಹೊಲದ ಬದಿಯಲ್ಲಿ ಕೂತು ಕತ್ತಲಲ್ಲಿ ಚರೆ ಹಾರಿಸುತ್ತಾರೆ. ಚಿರತೆಗೆ ಕಾಲಿಗೋ ದವಡೆಗೋ ತಾಗುತ್ತದೆ. ಹಳುವಿನಲ್ಲಿ ಹುಡುಕಿ ಹೋಗಲು ಯಾರಿಗೂ ಧೈರ್ಯವಿಲ್ಲ. ಸಹಜ ಬೇಟೆ ಹಿಡಿಯಲಾಗದ ಪ್ರಾಣಿ ಮನುಷ್ಯರ ಮೇಲೆ ತಿರುಗುತ್ತದೆ. ಅಲ್ಲಿ ಈಡು ಹಾರಿಸಿದವರ ತಪ್ಪು ಸಣ್ಣ ಬೋರು ಹಿಡಿದದ್ದೆಂದು ಮೇಲುನೋಟಕ್ಕೆ ಅನಿಸುತ್ತದೆ. ತಪ್ಪು ಇರುವುದು ದೂರದಲ್ಲಿ. ಎಲ್‌ಜಿ ತೋಟೆಯ ದಪ್ಪ ಉಂಡೆಗಳು ಹದಿನೈದು ಗಜದಲ್ಲಿ ಒಟ್ಟಾಗಿ ಬೀಳುತ್ತವೆ. ನಲವತ್ತು ಗಜಕ್ಕೆ ಚದುರಿ ಒಂದೋ ಎರಡೋ ತಾಗುತ್ತವೆ, ತಾಗಿದ್ದೂ ಆಳಕ್ಕೆ ಇಳಿಯುವುದಿಲ್ಲ. ಅದೇ ಕೋವಿ ಹತ್ತಿರದಲ್ಲಿ ಕೊಲ್ಲುತ್ತದೆ, ದೂರದಲ್ಲಿ ನರಭಕ್ಷಕನನ್ನು ಹುಟ್ಟಿಸುತ್ತದೆ. ಆಂಡರ್ಸನ್ ದೊಡ್ಡವನಾಗುವುದು ಇಂಥ ಗಾಯದ ಹಿಂದೆ, ರಕ್ತದ ಜಾಡು ಹಿಡಿದು, ನೆಲ ನೋಡುತ್ತ ಹೋಗುವಾಗ. ಆ ಶ್ರಮಕ್ಕೆ ಸಲ್ಲಬೇಕಾದ ಗೌರವವನ್ನು ನಾವು ಒಂದು ಸಂಖ್ಯೆಗೆ ಕೊಟ್ಟುಬಿಟ್ಟಿದ್ದೇವೆ.

ಬೋರಿನ ಆಯ್ಕೆ ನಮ್ಮ ದೇಶದಲ್ಲಿ ಬೇಟೆಗಾರನ ಇಚ್ಛೆಗೆ ಬಿಟ್ಟದ್ದಾಗಿಯೂ ಇರಲಿಲ್ಲ. ಬ್ರಿಟಿಷ್ ಸರ್ಕಾರ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸೇನೆಯ ತೋಟೆ ಜನರ ಕೈಸೇರಬಾರದೆಂದು ಸೇನೆಯ ಬೋರುಗಳನ್ನು ಭಾರತದಲ್ಲಿ ತಡೆಯಿತು. ಆ ತಡೆಯ ನೆರಳಲ್ಲಿ ನೆಲೆಯೂರಿದ್ದು .315. ಇಶಾಪುರದ ಸರ್ಕಾರಿ ಕಾರ್ಖಾನೆ ಇಂದಿಗೂ ಆ ಬೋರಿನ ರೈಫಲ್ ಮಾಡುತ್ತದೆ. ಪೊಲೀಸರು ದಶಕಗಟ್ಟಲೆ ಹೊತ್ತ .303 ನಾಗರಿಕನಿಗೆ ನಿಷಿದ್ಧ, ಅದಕ್ಕಿಂತ ದಪ್ಪ ಗುಂಡಿನ .315ಕ್ಕೆ ಪರವಾನಗಿ ಸಿಗುತ್ತದೆ. ಈ ಗೆರೆ ಎಳೆದದ್ದು ತೋಟೆಯ ದಾಸ್ತಾನು ನೋಡಿ. ಇದು ತಿಳಿಯದೆ .303 ಬಲವಾದದ್ದು, ಅದಕ್ಕೇ ಕೊಡುವುದಿಲ್ಲ ಎಂದು ಹೇಳುವವರು ಕಾನೂನನ್ನೂ ಕೋವಿಯನ್ನೂ ತಪ್ಪಾಗಿ ಓದುತ್ತಿದ್ದಾರೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಚರ್ಚೆಗಳೂ ಇದೇ ದಾರಿ ಹಿಡಿದಿವೆ. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿ ಅದೇ ವರ್ಷ 2029ರವರೆಗೆ ಮುಂದುವರಿಯಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಎರಡರ ಬಗ್ಗೆಯೂ ವಾದ ನಡೆದದ್ದು ಎಷ್ಟು ಕೋವಿ, ಯಾರಿಗೆ ಎಂಬುದರ ಸುತ್ತ. 2016ರ ನಿಯಮಗಳು ಪರವಾನಗಿ ಕೇಳುವವರಿಗೆ ಸುರಕ್ಷತಾ ತರಬೇತಿ ಬೇಕೆಂದವು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯವಾದದ್ದು ಅದು, ಅತಿ ಕಡಿಮೆ ಚರ್ಚೆಯಾದದ್ದೂ ಅದೇ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಹವ್ಯಾಸವಾಗಿ ಉಳಿದಿಲ್ಲ, ಉಳಿಯಬಾರದು. ಬೆಳೆಗೋ ಜೀವಕ್ಕೋ ಅಪಾಯವಾದಾಗ ಅಧಿಕಾರಿ ಲಿಖಿತ ಅನುಮತಿ ಕೊಟ್ಟ ಅಪರೂಪದ ಸಂದರ್ಭವೊಂದು ಮಾತ್ರ ಉಳಿದಿದೆ. ಅಂಥ ಹೊತ್ತಿನಲ್ಲಿ ಕೋವಿ ಎತ್ತುವವನಿಗೆ ಎಷ್ಟು ದೂರದ ಆಚೆ ಹಾರಿಸಬಾರದು ಎಂಬ ತಿಳಿವಳಿಕೆ ಇಲ್ಲದಿದ್ದರೆ ಯಾವ ಬೋರೂ ಕಾಪಾಡದು.

2023ರ ನವೆಂಬರಿನಲ್ಲಿ ಬೊಮ್ಮನಹಳ್ಳಿ ಬಳಿಯ ಕೂಡ್ಲು ಗೇಟ್‌ನಲ್ಲಿ ಈಡಿನ ನಂತರದ ಅಪಾಯ ಕಣ್ಣೆದುರೇ ಕಂಡಿತು. ಅರಿವಳಿಕೆ ಹೊಡೆದು ಹಿಡಿಯಲು ಹೋದ ತಂಡದ ಮೇಲೆ ಚಿರತೆ ಎರಗಿತು, ಗುಂಡು ಹಾರಿತು, ಚಿರತೆ ಸತ್ತಿತು. ಅರಿವಳಿಕೆ ತಾಗಿದ ಕ್ಷಣಕ್ಕೇ ಪ್ರಾಣಿ ಬೀಳುವುದಿಲ್ಲ. ಮದ್ದು ಏರುವ ಆ ನಿಮಿಷಗಳು ಆಂಡರ್ಸನ್ ಕತೆಗಳ ಗಾಯದ ನಂತರದ ಹೊತ್ತಿನಷ್ಟೇ ಅಪಾಯಕರ. ಈಡು ಹಾರಿದ ಮೇಲೆ ಏನಾಗುತ್ತದೆ, ಯಾರು ಎಲ್ಲಿ ನಿಲ್ಲಬೇಕು ಎಂಬ ಹಳೆಯ ಪ್ರಶ್ನೆ ಹೊಸ ಉಪಕರಣದ ಕಾಲದಲ್ಲೂ ಹಾಗೇ ಇದೆ.

.405ಕ್ಕೆ ಗುಣಗಳಿಲ್ಲವೆಂದಲ್ಲ. ದಟ್ಟ ಹಳುವಿನಲ್ಲಿ, ನುಗ್ಗಿ ಬರುವ ಹುಲಿಯ ಎದುರು, ಐವತ್ತು ಗಜದ ಒಳಗೆ ಅದು ನಂಬಿಕಸ್ಥ ಕೋವಿ. ಕಾಡೆಮ್ಮೆಯಂಥ ಭಾರದ ಪ್ರಾಣಿಯ ಎದುರು .275 ಹಿಡಿದು ನಿಲ್ಲಿ ಎಂದು ಯಾರಿಗೂ ಹೇಳಲಾಗದು. ಆದರೆ ಅದು ಒಂದು ಕೆಲಸಕ್ಕೆ ತಕ್ಕ ಹತ್ಯಾರು, ಅಷ್ಟೇ. ಶೌರ್ಯದ ಪದಕವಾಗುವ ಯೋಗ್ಯತೆ ಅದಕ್ಕಿಲ್ಲ. ‘ಕಾಡಿನ ಕಥೆಗಳು’ ಮುಂದೆ ಮರುಮುದ್ರಣವಾದಾಗ ಅದಕ್ಕೊಂದು ಮುನ್ನುಡಿ ಬೇಕು: ಯಾವ ಕತೆಯಲ್ಲಿ ಎಷ್ಟು ದೂರದಿಂದ ಈಡು ಹಾರಿತು, ಮೊದಲ ಗಾಯ ಮಾಡಿದವರು ಯಾರು, ಯಾವ ಕೋವಿಯಿಂದ, ಹುಡುಕಿ ಹೋದವರು ಯಾರು ಎಂದು ಒಂದೊಂದಾಗಿ ತೋರಿಸುವಂಥದ್ದು. ಅದನ್ನು ಓದಿದವರು ಊರಿನ ಮನೆಯ ಕೋವಿಯನ್ನು ಎತ್ತುವ ಮೊದಲು ಬೋರಿನ ಬಗ್ಗೆ ಕೇಳುವುದಕ್ಕಿಂತ ದೂರವನ್ನು ಅಳೆಯುತ್ತಾರೆ.