ಡಾಕ್ಟರ್ ಪದವಿಯ ನಿಬಂಧನೆಗಳು: ಶಾಸ್ತ್ರದೃಷ್ಟಿಯಿಂದ ಒಂದು ವಿಮರ್ಶೆ

ಯಾವ ಶಾಸ್ತ್ರಗ್ರಂಥವನ್ನು ವ್ಯಾಖ್ಯಾನಿಸಲು ತೊಡಗಿದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನವೆಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸುವುದು ಪ್ರಾಚೀನರ ಸಂಪ್ರದಾಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ನೆಯ ಇಸವಿಯ ನವೆಂಬರಿನಲ್ಲಿ ಹೊರಡಿಸಿದ ಪಿಎಚ್.ಡಿ. ನಿಬಂಧನೆಗಳು ಶಾಸ್ತ್ರಗ್ರಂಥವಲ್ಲವೆಂಬುದು ದಿಟ. ಆದರೂ ಪದವಿಗಾಗಿ ನಡೆಯುವ ಸಂಶೋಧನೆಯು ಇಂದು ಅವುಗಳ ಎರಕದಲ್ಲಿಯೇ ರೂಪುಗೊಳ್ಳುತ್ತಿರುವುದರಿಂದ ಅವನ್ನು ಈ ಅಳತೆಗೋಲಿನಿಂದ ಪರೀಕ್ಷಿಸುವುದು ಅನುಚಿತವಾಗಲಾರದು.

ಮೊದಲು ಅಧಿಕಾರಿಯ ವಿಚಾರ. ನಾಲ್ಕು ವರ್ಷದ ಸ್ನಾತಕ ಪದವಿಯಲ್ಲಿ ಶೇಕಡ 75, ಇಲ್ಲವೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕಗಳನ್ನು ಪಡೆದವನು ಪ್ರವೇಶಕ್ಕೆ ಅರ್ಹನೆಂದು ವಿಧಿಸಿದೆ. ಪ್ರವೇಶಾನಂತರ 12 ಕ್ರೆಡಿಟ್ಟುಗಳಿಗೆ ಕಡಿಮೆಯಿಲ್ಲದ ಪಾಠಕ್ರಮ; ಒಟ್ಟು ಅವಧಿ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಸಾಮಾನ್ಯವಾಗಿ ಆರು ವರ್ಷದೊಳಗೆ. ಇವೆಲ್ಲ ಎಣಿಕೆಗೆ ಸಿಕ್ಕುವ ಲಕ್ಷಣಗಳು. ಶಾಸ್ತ್ರಕಾರರಾದರೋ ಅಧಿಕಾರಿಯನ್ನು ಅವನ ಸಾಧನಸಂಪತ್ತಿಯಿಂದ ಗುರುತಿಸಿದರು. ಕನ್ನಡದಲ್ಲಿ ಸಂಶೋಧನೆ ಮಾಡುವವನಿಗೆ ಹಳಗನ್ನಡದ ಗದ್ಯಪದ್ಯಗಳನ್ನು ಅನ್ವಯಿಸಿ ಅರ್ಥಮಾಡುವ ಶಕ್ತಿ, ಓಲೆಯ ಮತ್ತು ಶಾಸನದ ಲಿಪಿಪರಿಚಯ, ಪಾಠಾಂತರಗಳನ್ನು ತೂಗಿನೋಡುವ ವಿವೇಕ ಇವು ಸಾಧನಗಳು. ಇವನ್ನು ಪಾಠಕ್ರಮದಲ್ಲಿ ಸೇರಿಸುವುದೂ ಬಿಡುವುದೂ ಆಯಾ ವಿಶ್ವವಿದ್ಯಾನಿಲಯದ ಇಚ್ಛೆಗೆ ಸೇರಿದೆ. ಸೇರಿಸದೆ ಹೋದಲ್ಲಿ ಆ ದೋಷವು ನಿಬಂಧನೆಯದಾಗದೆ ಅಧ್ಯಾಪಕರದೇ ಆಗುತ್ತದೆ.

ಸಂಬಂಧವೆಂಬುದನ್ನು ಇಲ್ಲಿ ಗುರುಶಿಷ್ಯಸಂಬಂಧವೆಂದು ಗ್ರಹಿಸುವುದು ಯುಕ್ತ. ಒಂದು ಕಾಲದಲ್ಲಿ ಪ್ರಾಧ್ಯಾಪಕನಿಗೆ ಎಂಟು, ಸಹಪ್ರಾಧ್ಯಾಪಕನಿಗೆ ಆರು, ಸಹಾಯಕ ಪ್ರಾಧ್ಯಾಪಕನಿಗೆ ನಾಲ್ಕು ಮಂದಿಗಿಂತ ಹೆಚ್ಚು ಅಭ್ಯರ್ಥಿಗಳು ಇರಕೂಡದೆಂಬ ಮಿತಿಯು ಶ್ಲಾಘ್ಯವಾದುದು. ಪ್ರಬಂಧವನ್ನು ಒಪ್ಪಿಸುವ ಮೊದಲು ಒಂದು ಲೇಖನವನ್ನು ಪ್ರಕಟಿಸಿ ಎರಡು ಸಭೆಗಳಲ್ಲಿ ಪ್ರಬಂಧಗಳನ್ನು ಮಂಡಿಸಿರಬೇಕೆಂದು 2016ರ ನಿಬಂಧನೆಗಳಲ್ಲಿದ್ದ ವಿಧಿಯನ್ನು 2022ರಲ್ಲಿ ಕೈಬಿಟ್ಟುದೂ ಒಳ್ಳೆಯದೇ ಆಯಿತು. ಪಕ್ವವಾಗದ ಫಲವನ್ನು ಅವಧಿಗೆ ಮುನ್ನ ಕೊಯ್ದು ಸಂತೆಗೆ ಒಯ್ಯುವ ಅಭ್ಯಾಸಕ್ಕೆ ಆ ವಿಧಿಯು ಎಡೆಗೊಡುತ್ತಿದ್ದಿತು. ಪ್ರಶಸ್ತ ಪತ್ರಿಕೆಗಳನ್ನು ಹೆಸರಿಸಲೆಂದು 2018ರಲ್ಲಿ ಹೊರಟ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಆಯೋಗವೇ ನಿಲ್ಲಿಸಿತು. ಗುಣವನ್ನು ಪಟ್ಟಿಯಿಂದ ನಿಶ್ಚಯಿಸುವುದು ಎಷ್ಟು ಕಷ್ಟವೆಂಬುದು ಇದರಿಂದಲೇ ವ್ಯಕ್ತವಾಗುತ್ತದೆ.

ಹೆಚ್ಚಿನ ವಿಚಾರಕ್ಕೆ ಪಾತ್ರವಾಗತಕ್ಕುದು ವಿಷಯದ ಸ್ವೋಪಜ್ಞತೆ. ಈ ಭಾಗಕ್ಕೆ 2018ರ ಕೃತಿಚೌರ್ಯನಿವಾರಣದ ನಿಬಂಧನೆಗಳು ಪ್ರಮಾಣ. ಅವುಗಳ ಪ್ರಕಾರ ಪರಗ್ರಂಥದೊಡನೆ ಹೋಲಿಕೆಯು ಶೇಕಡ 10ರ ವರೆಗೆ ಇದ್ದರೆ ದಂಡವಿಲ್ಲ. 40ರ ವರೆಗೆ ಇದ್ದರೆ ತಿದ್ದಿ ಒಪ್ಪಿಸಬೇಕು. 60ರ ವರೆಗೆ ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಅದನ್ನು ಮೀರಿದರೆ ನೋಂದಣಿಯೇ ರದ್ದು. ಸರ್ವವಿದಿತವಾದ ಅಥವಾ ಆಕಸ್ಮಿಕವಾಗಿ ಹೊಂದಿಬರುವ ಮಾತುಗಳನ್ನು ಅನುಕ್ರಮವಾಗಿ 14 ಪದಗಳ ವರೆಗೆ ಎಣಿಕೆಯಿಂದ ಬಿಡಬಹುದು.

ಈ ಹದಿನಾಲ್ಕರ ಲೆಕ್ಕವು ಇಂಗ್ಲಿಷಿಗೆ ಒಪ್ಪೀತು. ಆ ಭಾಷೆಯಲ್ಲಿ ಹದಿನಾಲ್ಕು ಪದಗಳು ಕೂಡಿದರೆ ಒಂದು ಸಾಧಾರಣ ವಾಕ್ಯ. ವಿಭಕ್ತಿಪ್ರತ್ಯಯಗಳೂ ಕ್ರಿಯಾಪ್ರತ್ಯಯಗಳೂ ಪ್ರಕೃತಿಗೆ ಅಂಟಿಕೊಂಡು ಬರುವ ಕನ್ನಡದಲ್ಲಿಯೂ, ಸಮಾಸಬಹುಳವಾದ ಸಂಸ್ಕೃತದಲ್ಲಿಯೂ ಅಷ್ಟು ಪದಗಳೊಳಗೆ ಒಂದು ಇಡೀ ಸಿದ್ಧಾಂತವಾಕ್ಯವೇ, ಕೆಲವೆಡೆ ಒಂದು ಇಡೀ ಶ್ಲೋಕವೇ ಅಡಗಬಲ್ಲುದು. ಯಂತ್ರದಲ್ಲಿ ಈ ಸಂಖ್ಯೆಯನ್ನೇ ಎಲ್ಲೆಯಾಗಿ ಇಟ್ಟರೆ ಕನ್ನಡದಲ್ಲಿ ಒಬ್ಬನ ಮತವನ್ನೇ ಅಪಹರಿಸಿದವನೂ ನಿರ್ದೋಷಿಯಾಗಿ ಹೊರಬರಬಹುದು.

ಇದಕ್ಕಿಂತ ಮೂಲವಾದ ಕೊರತೆ ಇನ್ನೊಂದುಂಟು. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣವನ್ನೂ ಅರ್ಥಹರಣವನ್ನೂ ಬೇರೆ ಬೇರೆಯಾಗಿ ವಿಚಾರಿಸಿದನು. ಶೇಕಡದ ಲೆಕ್ಕವು ಮೊದಲನೆಯದನ್ನು ಮಾತ್ರ ಹಿಡಿಯಬಲ್ಲುದು. ಮಾತನ್ನು ಬದಲಿಸಿ ಅರ್ಥವನ್ನು ಕದ್ದವನು ಆ ಬಲೆಗೆ ಬೀಳನು. ಅವನಿಗಿಂತ ಮುಂಚೆ ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ ಕೃತಿಗಳ ಹೋಲಿಕೆಯನ್ನು ಮೂರು ಬಗೆಯೆಂದನು. ಕನ್ನಡಿಯ ಪ್ರತಿಬಿಂಬದಂತಹುದು ಒಂದು, ಚಿತ್ರದಂತಹುದು ಇನ್ನೊಂದು, ಇಬ್ಬರು ದೇಹಿಗಳ ಸಾಮ್ಯದಂತಹುದು ಮೂರನೆಯದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ, ಎರಡನೆಯದರ ಆತ್ಮ ತುಚ್ಛ, ಇವೆರಡೂ ತ್ಯಾಜ್ಯ. ಮೂರನೆಯದಕ್ಕೆ ಸ್ವಂತ ಆತ್ಮವಿರುವುದರಿಂದ ಹೋಲಿಕೆಯಿದ್ದರೂ ಅದು ಗ್ರಾಹ್ಯ.

ಈ ವಿವೇಕವು ಕಾವ್ಯಕ್ಕೆ ಮಾತ್ರ ಸಲ್ಲುವುದಲ್ಲ. ಎ. ಎನ್. ನರಸಿಂಹಯ್ಯನವರು ಲಂಡನ್ ವಿಶ್ವವಿದ್ಯಾನಿಲಯದ ಪದವಿಗಾಗಿ ಆರು ಏಳನೆಯ ಶತಮಾನಗಳ ಕನ್ನಡ ಶಾಸನಗಳ ವ್ಯಾಕರಣವನ್ನು ಬರೆದರು. ಅದು 1941ರಲ್ಲಿ ಮೈಸೂರಿನಿಂದ ಪ್ರಕಟವಾಯಿತು. ಜಿ. ಎಸ್. ಗಾಯಿಯವರು ಎಂಟರಿಂದ ಹತ್ತನೆಯ ಶತಮಾನದ ವರೆಗಿನ ಶಾಸನಗಳನ್ನು ಆಧರಿಸಿ ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು ರಚಿಸಿದರು; ಪುಣೆಯ ಡೆಕ್ಕನ್ ಕಾಲೇಜು 1946ರಲ್ಲಿ ಅದನ್ನು ಪ್ರಕಟಿಸಿತು. ಈ ಎರಡೂ ಇಂಗ್ಲಿಷಿನವು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು 1966ರಲ್ಲಿ ಕನ್ನಡದಲ್ಲಿಯೇ ಹೊರಬಂದಿತು. ಮೂರಕ್ಕೂ ಆಕರ ಶಾಸನಗಳೇ. ಮೊದಲ ಎರಡರ ವಿಧಾನವೂ ಬಹುಮಟ್ಟಿಗೆ ಒಂದೇ. ಎರಡನೆಯದು ಮೊದಲನೆಯದು ನಿಂತ ಶತಮಾನದಿಂದ ಮುಂದಕ್ಕೆ ನಡೆಯಿತು. ಮೂರನೆಯದು ಅದೇ ಕಲ್ಲುಗಳಲ್ಲಿ ಪ್ರತ್ಯಯಗಳಿಗೆ ಬದಲಾಗಿ ಜನಜೀವನವನ್ನು ಓದಿತು. ಇದೇ ತುಲ್ಯದೇಹಿಸಾಮ್ಯ. ಇಂತಹ ಕೃತಿಗೂ ಇವುಗಳ ನೆರಳಿನಲ್ಲಿ ಹುಟ್ಟುವ ಪ್ರತಿಬಿಂಬಕ್ಕೂ ಇರುವ ಭೇದವನ್ನು ತಿಳಿದ ಪರೀಕ್ಷಕನು ಕಂಡುಹಿಡಿಯಬಲ್ಲನು. ಶೇಕಡದ ಅಂಕವು ತೋರಿಸಲಾರದು.

ಇಲ್ಲಿ ಆಕ್ಷೇಪವೊಂದುಂಟು: ಪರೀಕ್ಷಕನ ಮನಸ್ಸಿಗೆ ಬಿಟ್ಟರೆ ಪಕ್ಷಪಾತಕ್ಕೆ ಎಡೆಯಾಗುವುದು, ಸಂಖ್ಯೆಯಾದರೋ ಎಲ್ಲರಿಗೂ ಸಮ ಎಂದು. ಆಕ್ಷೇಪವು ನಿಸ್ಸಾರವಲ್ಲ. ಆದರೆ ಸಂಖ್ಯೆಯು ದ್ವಾರಪಾಲಕನ ಕೆಲಸಕ್ಕೆ ತಕ್ಕುದೇ ಹೊರತು ಪ್ರಾಡ್ವಿವಾಕನ ಪೀಠಕ್ಕೆ ಅಲ್ಲ. ಪಕ್ಷಪಾತಕ್ಕೆ ಮದ್ದು ವಾದವು ಬಹಿರಂಗವಾಗುವುದು. 2022ರ ನಿಬಂಧನೆಗಳೇ ಇಬ್ಬರು ಬಾಹ್ಯ ಪರೀಕ್ಷಕರನ್ನೂ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತೆರೆದ ಮೌಖಿಕ ಪರೀಕ್ಷೆಯನ್ನೂ ವಿಧಿಸಿ, ಪ್ರಬಂಧದ ಪ್ರತಿಯನ್ನು ಇನ್‌ಫ್ಲಿಬ್‌ನೆಟ್ಟಿಗೆ ಒಪ್ಪಿಸಬೇಕೆಂದಿವೆ. ಅದರ ‘ಶೋಧಗಂಗಾ’ ಭಂಡಾರದಲ್ಲಿ ಪ್ರಬಂಧವು ಓದುಗರಿಗೆ ದೊರೆಯುವುದು. ಅದನ್ನು ಯಾವ ಕಾರಣದಿಂದ ಒಪ್ಪಲಾಯಿತೆಂಬುದು ದೊರೆಯದು. ಪರೀಕ್ಷಕರ ವರದಿಗಳೂ, ಅವರ ಪೂರ್ವಪಕ್ಷಕ್ಕೆ ಅಭ್ಯರ್ಥಿಯು ಕೊಟ್ಟ ಉತ್ತರವೂ ಪ್ರಬಂಧದ ಅನುಬಂಧವಾಗಿ ಅಲ್ಲಿಯೇ ಸೇರಬೇಕು.

ಉಳಿದುದು ಪ್ರಯೋಜನ. ಪದವಿಯಿಂದ ಉದ್ಯೋಗವೂ ಬಡ್ತಿಯೂ ಲಭಿಸುವುದು ದೋಷವಲ್ಲ, ಅದು ಅವಾಂತರಫಲ. ಮುಖ್ಯಫಲವು ವಿದ್ಯಾವೃದ್ಧಿ. ಮೇಲಿನ ಏರ್ಪಾಡು ನಡೆದುದಾದರೆ ಅಂತಹ ವೃದ್ಧಿಯು ಯಾವ ಪ್ರಬಂಧದಿಂದ ಆಯಿತು, ಯಾವುದರಿಂದ ಆಗಲಿಲ್ಲ ಎಂಬುದನ್ನು ಮುಂದಿನ ಸಂಶೋಧಕನು ತಾನೇ ಓದಿ ನಿರ್ಣಯಿಸಬಹುದು. ಪರೀಕ್ಷಕನೂ ತನ್ನ ಮಾತಿಗೆ ಹೊಣೆಗಾರನಾಗುವನು.