ಪಂಚರ್ ತೆಗೆಯುವ ಸುಖ, ಪಾತ್ರೆ ತಿಕ್ಕುವ ಲೆಕ್ಕ

ಲೋಂಡಾದಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಖಾನಾಪುರ ತಾಲ್ಲೂಕಿನ ಈ ರೈಲ್ವೆ ಜಂಕ್ಷನ್ ಊರು ಸಹ್ಯಾದ್ರಿಯ ಕಾಡಿಗೆ ಅಂಟಿಕೊಂಡಿದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಸರಿಯಾಗಿ ಬಿಡುವುದಿಲ್ಲ. ಅಂಗಳದಲ್ಲಿ ನಿಂತ ಸೈಕಲ್ಲಿನ ಚೈನಿಗೆ ಎಣ್ಣೆ ಬೀಳದಿದ್ದರೆ ಕೆಲವೇ ದಿನಗಳಲ್ಲಿ ಕೆಂಪು ತುಕ್ಕು. ಹಾಗಾಗಿ ಇಲ್ಲಿ ದುರಸ್ತಿ ಹವ್ಯಾಸವಾಗುವ ಮೊದಲೇ ಪಂಚಾಂಗಕ್ಕೆ ಸೇರಿಬಿಟ್ಟಿದೆ. ಮೇ ತಿಂಗಳೊಳಗೆ ಹಂಚು ಕೈಯಾಡಿಸಬೇಕು, ಕಟ್ಟಿಗೆ ಒಳಗೆ ಸೇರಬೇಕು, ಗಾಲಿಗಳಿಗೆ ಗ್ರೀಸ್ ಬೀಳಬೇಕು.

ಇಂಥ ಸಣ್ಣಪುಟ್ಟ ಕೆಲಸಗಳನ್ನು ಸ್ವಂತ ಕೈಯಿಂದ ಮಾಡಿದಾಗ ಸಿಗುವ ಸಮಾಧಾನವೇ ಬೇರೆ ಎಂಬ ಮಾತು ಈಗ ಹೆಚ್ಚು ಕೇಳಿಬರುತ್ತಿದೆ. ಮಾತು ಸುಳ್ಳಲ್ಲ. ಆದರೆ ಅದನ್ನು ಎಲ್ಲ ಕೆಲಸಕ್ಕೂ, ಎಲ್ಲ ಕೈಗಳಿಗೂ ಹೊಂದಿಸಲು ಹೊರಟರೆ ಲೆಕ್ಕ ತಪ್ಪುತ್ತದೆ.

ಮೊದಲು ಸುಖದ ಕಡೆ ನೋಡೋಣ. ಹಳೆಯ ಕಪ್ಪು ಸೈಕಲ್ಲಿನ ಪಂಚರ್ ತೆಗೆಯಲು ಗಾಲಿ ಬಿಚ್ಚುವುದೂ ಬೇಡ. ಟೈರಿನ ಒಂದು ಅಂಚು ಎಬ್ಬಿಸಿ ಟ್ಯೂಬು ಹೊರಗೆಳೆದು, ಹವಾ ತುಂಬಿ, ಬಕೆಟ್ ನೀರಿನಲ್ಲಿ ತುಸುತುಸುವೇ ತಿರುಗಿಸಿದರೆ ಒಂದು ಕಡೆ ಗುಳ್ಳೆ ಏಳುತ್ತದೆ. ಅಲ್ಲಿ ಗುರುತು ಹಾಕಿ, ಒರೆಸಿ ಒಣಗಿಸಿ, ಮರಳುಕಾಗದದಿಂದ ತಿಕ್ಕಿ, ಸೊಲ್ಯೂಷನ್ ಸವರಿ ಕಾಯಬೇಕು. ಅವಸರದವರು ಸೋಲುವುದು ಈ ಕಾಯುವ ಹಂತದಲ್ಲೇ. ಸೊಲ್ಯೂಷನ್ನಿನ ದ್ರಾವಕ ಆರಿ ಮೇಲ್ಮೈ ಜಿಗುಟಾಗುವ ಮೊದಲೇ ತೇಪೆ ಒತ್ತಿದರೆ ಅದು ನಿಲ್ಲುವುದಿಲ್ಲ. ಇನ್ನೊಂದು ಸೋಲು ಮರೆವಿನದು. ತೇಪೆ ಹಚ್ಚಿದವರು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕದೆ ಹೋದರೆ, ಅದೇ ಮುಳ್ಳು ಮತ್ತೆ ಅದೇ ಟ್ಯೂಬನ್ನು ಚುಚ್ಚುತ್ತದೆ. ಕಾರಣ ಕೈಗೆ ಸಿಗುತ್ತದೆ, ಪರಿಹಾರ ಕಣ್ಣಿಗೆ ಕಾಣುತ್ತದೆ, ನೀರಿನಲ್ಲಿ ಮತ್ತೊಮ್ಮೆ ಮುಳುಗಿಸಿದರೆ ಪರೀಕ್ಷೆಯೂ ಮುಗಿಯುತ್ತದೆ. ಬದುಕಿನ ಇತರ ತೊಂದರೆಗಳಲ್ಲಿ ಇಷ್ಟು ನೇರವಾದ ತೀರ್ಪು ಸಿಗುವುದು ಕಡಿಮೆ.

ಚೈನಿನದೂ ಇಂಥದೇ ಪ್ರಾಮಾಣಿಕತೆ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಶಾಲೆಯ ಮಕ್ಕಳ ಅಡಿಪಟ್ಟಿ ಹಿಡಿದರೆ ಸಾಕು. ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸುವ ಹೊತ್ತು. ಎಂಟನೆಯ ಒಂದು ಭಾಗ ಹೆಚ್ಚಾಗಿದ್ದರೆ ಹಲ್ಲುಗಳೂ ಸವೆದಿರುತ್ತವೆ. ಗಾಲಿಯ ಗುಂಬದೊಳಗಿನ ಗುಂಡುಗಳಿಗೂ ಲೆಕ್ಕವಿದೆ: ಮುಂದಿನ ಗಾಲಿಗೆ ಒಂದೊಂದು ಕಡೆ 10 ಸಣ್ಣವು, ಹಿಂದಿನದಕ್ಕೆ 9 ದೊಡ್ಡವು. ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸಿನಲ್ಲಿ ಕೂರಿಸಿ, ಕೋನನ್ನು ಬಿಗಿಯೂ ಅಲ್ಲದೆ ಸಡಿಲೂ ಅಲ್ಲದೆ ನಿಲ್ಲಿಸುವುದು ಬೆರಳಿಗೆ ಒಗ್ಗುವ ವಿದ್ಯೆ.

ಇದರ ಶ್ರೇಯಸ್ಸೆಲ್ಲ ಮಾಡುವವರದಲ್ಲ, ಅರ್ಧ ಸೈಕಲ್ಲಿನದು. ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೂಪಿಸಿದ ರೋವರ್ ಸೈಕಲ್ಲು, ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದ ಹವಾ ಟೈರು, ಇವೆರಡರ ನೇರ ವಂಶಸ್ಥನೇ ನಮ್ಮ ಕಪ್ಪು ಸೈಕಲ್. ಅದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಒಂದೆರಡು ಪಾನಾ, ಒಂದು ಸ್ಕ್ರೂಡ್ರೈವರ್, ಒಂದು ಪಂಪು ಇದ್ದರೆ ಬಹುಪಾಲು ಕೆಲಸ ಮನೆಯ ಪಡಸಾಲೆಯಲ್ಲೇ ಮುಗಿಯುತ್ತದೆ. ಅಂಟು ಹಾಕಿ ಮುಚ್ಚಿದ ಮೊಬೈಲಿನ ಮುಂದೆ ಅದೇ ಕೈಗಳು ನಿರುಪಾಯವಾಗುತ್ತವೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ರಚಿಸಿದ್ದು ಈ ನಿರುಪಾಯತೆಯನ್ನು ಕಂಡೇ.

ಈಗ ಮನೆಯೊಳಗೆ ಬರೋಣ. ನಲ್ಲಿಯ ವಾಷರ್, ಕುಕ್ಕರಿನ ಗ್ಯಾಸ್ಕೆಟ್, ಮೊಂಡಾದ ಈಳಿಗೆ, ಸೋರುವ ಹಂಚು, ಇವೆಲ್ಲ ಪಂಚರಿನ ಜಾತಿಯವೇ. ಖಾನಾಪುರದ ಮಣ್ಣು ಹಂಚಿಗೆ ಹೆಸರಾದದ್ದು. ಕೈಯಾಡಿಸಿದ್ದು ಸರಿಯಾಯಿತೋ ಇಲ್ಲವೋ ಎಂಬುದನ್ನು ಮೊದಲ ಮಳೆ ಹೇಳುತ್ತದೆ. ಹಳಿಯಾಳ, ಯಲ್ಲಾಪುರ, ಖಾನಾಪುರದ ಕಾಡುಸೀಮೆಯ ಸಿದ್ದಿ ಹೆಂಗಸರು ಹಳೆಯ ಸೀರೆ, ಮಕ್ಕಳ ಅಂಗಿಗಳಿಂದ ಹೊಲಿಯುವ ಕವಂದಿಯೂ ಈ ಸಾಲಿನದು. ಅಂಚಿನಿಂದ ಶುರುವಾದ ಹೊಲಿಗೆ ಸುತ್ತುಸುತ್ತಿ ನಡುವಿಗೆ ಬರುತ್ತದೆ. ಮೂಲೆಗಳಿಗೆ ಮಡಿಸಿದ ತ್ರಿಕೋನದ ಹೂವು ಕೂರಿಸಿದಾಗಲೇ ಕವಂದಿ ಪೂರ್ತಿ. ಈ ಹೊದಿಕೆಗಳು ಅಮೆರಿಕದಲ್ಲಿಯೂ ಪ್ರದರ್ಶನ ಕಂಡಿವೆ.

ಆದರೆ ಅದೇ ಹೆಂಗಸರು ದಿನವೂ ಗುಡಿಸುವ ಅಂಗಳವನ್ನು ಯಾರೂ ಪ್ರದರ್ಶನಕ್ಕೆ ಇಡುವುದಿಲ್ಲ. ಗುಡಿಸುವುದಕ್ಕೆ ಕೊನೆಯ ಹೊಲಿಗೆ ಎಂಬುದಿಲ್ಲ. ತಿಕ್ಕಿದ ಪಾತ್ರೆ ಮಧ್ಯಾಹ್ನಕ್ಕೆ ಮತ್ತೆ ಮುಸುರೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಆರು ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಶೇ 81.2, ಗಂಡಸರು ಶೇ 26.1. ಮಾಡುವವರ ಪೈಕಿಯೂ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು 97. ಭಾನುವಾರ ಬೆಳಿಗ್ಗೆ ಸೈಕಲ್ ಬಿಚ್ಚಿ ಕೂತವರ ತೃಪ್ತಿಯ ಹಿಂದೆ, ಅವರಿಗೆ ಬಿಡುವು ಮಾಡಿಕೊಟ್ಟ ಈ ನಿಮಿಷಗಳಿವೆ.

ದುರಸ್ತಿಯನ್ನು ಧ್ಯಾನದ ಮಟ್ಟಕ್ಕೆ ಏರಿಸಿದ ಬರಹಗಳಿಗೂ, ಈ ಸುಖ ಯಾರ ಪಾಲಿನದು ಎಂಬ ಪ್ರಶ್ನೆ ಕೇಳಬೇಕು. ರಾಬರ್ಟ್ ಪಿರ್ಸಿಗ್ 1974ರಲ್ಲಿ ಮೋಟಾರ್‌ಸೈಕಲ್ ನಿಗಾದ ಬಗ್ಗೆ ಬರೆದ ಪುಸ್ತಕ ಗಮನವಿಟ್ಟು ಮಾಡುವ ಕೆಲಸದ ಘನತೆಯನ್ನು ತೋರಿಸಿತು, ಅದು ದೊಡ್ಡದೇ. ಆದರೆ ಅಲ್ಲಿ ಕೆಲಸ ಮಾಡುವವನ ಯಂತ್ರ ಅವನದೇ. ಸಂತೆಯ ದಿನ ಸಾಲುಗಟ್ಟಿ ಬಂದ ಗಾಲಿಗಳಿಗೆ ತೇಪೆ ಹಚ್ಚುವ ಅಂಗಡಿಯವನಿಗೆ ಪಂಚರ್ ಎಂದರೆ ಮೊದಲು ಕೂಲಿ, ಆಮೇಲೆ ಧ್ಯಾನ.

ಆರಿಸಿಕೊಂಡ ಕೆಲಸಕ್ಕೂ ಪಾಲಿಗೆ ಬಂದ ಕೆಲಸಕ್ಕೂ ಇರುವ ಈ ಅಂತರಕ್ಕೆ ನಮ್ಮ ಬೆಳಗಾವಿಯ ಚರಿತ್ರೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಟಿಳಕವಾಡಿಯಲ್ಲಿ ನಡೆಯಿತು. ಸಿದ್ಧತೆಯ ಮುಂದಾಳು ಗಂಗಾಧರರಾವ್ ದೇಶಪಾಂಡೆ. ಆ ಶಿಬಿರದ ಕಕ್ಕಸು ಶುಚಿ ಮಾಡುವ ಕೆಲಸವನ್ನು ಸ್ವಯಂಸೇವಕರೇ ಹೊತ್ತರು, ಅವರಲ್ಲಿ ಬ್ರಾಹ್ಮಣರೇ ಹೆಚ್ಚು. ಅದು ನಿಜವಾದ ಸಾಹಸ. ಆದರೂ ಅವರಿಗೆ ಶಿಬಿರ ಮುಗಿಯುವ ದಿನ ಗೊತ್ತಿತ್ತು. ಆ ಕೆಲಸವನ್ನು ಹುಟ್ಟಿನಿಂದ ಹೊತ್ತವರಿಗೆ ಅಂಥ ದಿನ ಇರಲಿಲ್ಲ.

ಹಾಗಾದರೆ ಈ ತೃಪ್ತಿ ಟೊಳ್ಳೇ? ಅಲ್ಲ. ಕೊನೆ ಇರುವ, ಬೇಕೆಂದು ಆರಿಸಿಕೊಂಡ, ಬಿಚ್ಚಲು ಬರುವ ವಸ್ತುವಿನ ಮೇಲೆ ಮಾಡಿದ ಕೆಲಸದಲ್ಲಿ ಅದು ಗಟ್ಟಿಯಾಗಿದೆ. ಕೊನೆಯಿಲ್ಲದ ಕೆಲಸದಲ್ಲಿ ಅದನ್ನು ಹುಡುಕಿಕೊಳ್ಳಿರೆಂದು ಮನೆಯ ಹೆಂಗಸರಿಗೆ ಬೋಧಿಸುವುದು ಮಾತ್ರ ಅನ್ಯಾಯ. ಅಲ್ಲಿ ಬೇಕಾದದ್ದು ಹೊಗಳಿಕೆಯಲ್ಲ, ಪಾಲು.

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ, ಮರುವರ್ಷದಿಂದ ಗಂಡುಮಕ್ಕಳಿಗೂ ಸೈಕಲ್ ಕೊಡತೊಡಗಿತು. ಕೋವಿಡ್ ಕಾಲದಲ್ಲಿ ಯೋಜನೆ ನಿಂತಿತು. ಮತ್ತೆ ಶುರುವಾಗುವುದಾದರೆ ಪ್ರತಿ ಸೈಕಲ್ಲಿನ ಜೊತೆ ಒಂದು ಪಂಪು, ಒಂದು ಪಾನಾ, ಪಂಚರ್ ತೆಗೆಯುವ ಒಂದು ತಾಸಿನ ಪಾಠ ಸೇರಲಿ. ಮುಂದಿನ ತಾಸಿನಲ್ಲಿ ಅದೇ ಮಕ್ಕಳಿಗೆ, ಹುಡುಗರನ್ನೂ ಕೂರಿಸಿಕೊಂಡು, ಅನ್ನಕ್ಕಿಟ್ಟು ಪಾತ್ರೆ ತೊಳೆಯುವುದನ್ನೂ ಕಲಿಸಲಿ.